ಎರಡು ಸಾವಿರದ ಎಂಟುನೂರ ತೊಂಬತ್ತನೇ ಸಾಲು

"ಇನ್ನು ಮುಂದೇನು?" ಅಂದರು ದ್ಯಾಮಕ್ಕ.

ಯಾರನ್ನೂ ಉದ್ದೇಶಿಸಿ ಅಂದದ್ದಲ್ಲ. ಅವರ ಕಣ್ಣು ಊರ ನಡುವಿನ ದೊಡ್ಡ ಕುಳಿಯ ಬಾಯಿಯ ಮೇಲಿತ್ತು, ಕೈ ಹಗ್ಗದ ಮೇಲಿತ್ತು, ಹಗ್ಗದ ಇನ್ನೊಂದು ತುದಿ ನೆಲದಾಳದ ಕರಗಿದ ಕಬ್ಬಿಣದಲ್ಲಿತ್ತು. ಪಕ್ಕದಲ್ಲಿ ಕೂತವನು ನಾನೊಬ್ಬನೇ. ಆದರೆ ಪದ ಹೇಳುವವರು ನನ್ನಂಥವನ ಹತ್ತಿರ ಸಾಲು ಬೇಡುವಂತಿಲ್ಲ, ಬೇಡಿದರೂ ನಾನು ಕೊಡುವಂತಿಲ್ಲ. ಅದಕ್ಕೇ ಆ ಮಾತನ್ನು ಗಾಳಿಗೆ ಬಿಟ್ಟರು. ನಾನು ತೊಡೆಯ ಮೇಲೆ ಒಂದು ಸಲ ತಟ್ಟಿದೆ. ಸಾಲು ತಪ್ಪಿತು ಎಂದು ತಿಳಿಸುವುದಕ್ಕೆ ನನಗಿರುವ ಅಧಿಕಾರ ಅಷ್ಟೇ.

ನಮ್ಮೂರಿನಲ್ಲಿ ಹುಲ್ಲುಂಟು, ಮರವಿಲ್ಲ. ಸೌದೆ ಎಂಬುದನ್ನು ಬಯಲು ದಾಟಿ ಬರುವ ಗಾಡಿಯವರ ಬಾಯಲ್ಲಿ ಕೇಳಿ ಗೊತ್ತು. ಅಡುಗೆಮನೆಯಲ್ಲಿ ಬೇರೆ ಊರಿನವರು ಒಲೆ ಹೂಡುವ ಜಾಗದಲ್ಲಿ ನಮಗೆ ಕುಳಿ ಇದೆ. ಒಂದು ಕೊಡ ಇಳಿಯುವಷ್ಟು ಅಗಲ; ಬಗ್ಗಿ ನೋಡಿದರೆ ಕತ್ತಲು. ಹಗ್ಗ ಎಲ್ಲರ ಮನೆಯಲ್ಲೂ ಹನ್ನೆರಡು ಮಾರು. ಪಾತ್ರೆ ಎಷ್ಟು ಕೆಳಗೆ ಹೋಗುತ್ತದೆ ಎಂಬುದು ಹಗ್ಗದ ಲೆಕ್ಕವಲ್ಲ, ಇಳಿಸುತ್ತ ಹೇಳುವ ಇಳಿಪದದ ಲೆಕ್ಕ. ಒಂದು ಸಾಲು ಹೇಳಿದರೆ ಒಂದು ಸಾಲಿನಷ್ಟು ಆಳ. ಎರಡನೇ ಸಾಲಿನಲ್ಲಿ ಹಾಲು ಬೆಚ್ಚಗಾಗುತ್ತದೆ, ನಾಲ್ಕರಲ್ಲಿ ಅಕ್ಕಿ ಬೇಯುತ್ತದೆ, ಎಂಟರಲ್ಲಿ ಕಡಲೆ ಹುರಿಯಬಹುದು, ಹನ್ನೊಂದಕ್ಕೆ ಇಳಿಸಿದ ದೀಪದ ಬತ್ತಿ ಹೊತ್ತಿಕೊಂಡು ಬರುತ್ತದೆ. ಕುಂಬಾರರು ಮಡಕೆ ಸುಡುವುದು ಮೂವತ್ತರಲ್ಲಿ. ಪಾತ್ರೆ ಮೇಲೆ ಬರಬೇಕಾದರೆ ಅವೇ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಹೇಳಬೇಕು. ಮೇಲೆ ಬರುವಾಗ ಸಾಲು ಮರೆತರೆ ಪಾತ್ರೆ ಅಲ್ಲೇ.

ಮೂವತ್ತೈದಕ್ಕೆ ನಾವು ಕಂಡು ಬಲ್ಲ ಮಣ್ಣು, ಕಲ್ಲು ಮುಗಿಯುತ್ತವೆ. ಅಷ್ಟು ಸಾಲು ಊರಿನ ಎಲ್ಲರಿಗೂ ಬರುತ್ತದೆ. ಅದರ ಕೆಳಗೆ ಹಸಿರು ಕಲ್ಲಿನ ಸಾಲುಗಳು. ಅವು ಎರಡು ಸಾವಿರದ ಎಂಟುನೂರ ತೊಂಬತ್ತರವರೆಗೆ ನಡೆಯುತ್ತವೆ. ಕಾವಿಗೆ ಮೆತ್ತಗಾಗಿ ಮೇಣದ ಹಾಗೆ ನಿಧಾನಕ್ಕೆ ಮಗ್ಗುಲು ಬದಲಿಸುವ ಕಲ್ಲು ಅದು. ಆಮೇಲೆ ಹರಿಯುವ ಕಬ್ಬಿಣ. ಐದು ಸಾವಿರದ ನೂರೈವತ್ತು ದಾಟಿದ ಮೇಲೆ ಮತ್ತೆ ಗಟ್ಟಿ ಕಬ್ಬಿಣ. ಅಲ್ಲಿನ ಕಾವಿಗೆ ಕರಗಬೇಕಾದ್ದು, ಮೇಲಿನ ಎಲ್ಲದರ ಭಾರ ಹೊತ್ತು ಕರಗದೆ ನಿಂತಿದೆ. ಪದ ಮುಗಿಯುವುದು ಆರು ಸಾವಿರದ ಮುನ್ನೂರ ಎಪ್ಪತ್ತೊಂದಕ್ಕೆ. ಹಗ್ಗ ಹಿಡಿದು ಅಷ್ಟು ದೂರ ಹೋದವರಿಲ್ಲ. ಜಗುಲಿಯಲ್ಲಿ ಬರಿಗೈಯಲ್ಲಿ ಕೂತು ಪೂರ್ತಿ ಹೇಳಬಲ್ಲವರು ಈಗ ದ್ಯಾಮಕ್ಕ ಒಬ್ಬರೇ.

ನಾನು ಅವರ ಕಿವಿಯವನು. ಆಳದ ಪದ ಹೇಳುವವರ ಪಕ್ಕದಲ್ಲಿ ಒಬ್ಬ ಕಿವಿಯವನು ಕೂರಲೇಬೇಕು, ಮನಸ್ಸಿನಲ್ಲೇ ಸಾಲು ಸಾಲಾಗಿ ಜೊತೆಗೆ ನಡೆಯಬೇಕು, ಬಾಯಿ ತೆರೆಯಬಾರದು. ನನ್ನ ಅಪ್ಪ ದ್ಯಾಮಕ್ಕನ ತಂದೆಗೆ ಕಿವಿಯವನಾಗಿದ್ದ. ತೊಟ್ಟಿಲಿನಿಂದಲೇ ನನಗೆ ಆ ಪದ ಕೇಳಿ ರೂಢಿ. ಗುಡಿಯಲ್ಲಿ ಕೈಮುಗಿದು ನಿಂತಾಗ ಬಾರದ ಕಣ್ಣೀರು ಹಸಿರು ಕಲ್ಲಿನ ಸಾಲುಗಳಿಗೆ ಬರುತ್ತಿತ್ತು. ಮೂವತ್ತು ವರ್ಷ ಹೀಗೆ ಕೂತಿದ್ದೇನೆ. ಮನೆಯಲ್ಲಿ ಅನ್ನಕ್ಕಿಡುವ ನಾಲ್ಕು ಸಾಲನ್ನೂ ನನ್ನ ಹೆಂಡತಿ ಸಾವಂತ್ರಿಯೇ ಹೇಳುತ್ತಾಳೆ. ಊರಿನವರು ಪ್ರೀತಿಯಿಂದಲೋ ಹಾಸ್ಯಕ್ಕೋ ನನ್ನನ್ನು ಮೂಗಯ್ಯ ಅನ್ನುತ್ತಾರೆ. ಹೆಸರು ರಾಚಪ್ಪ.

ಗಾಡಿಯವರು ಬಯಲು ದಾಟುವುದು ಒಂದು ಸೂಜಿಯನ್ನು ನಂಬಿ. ಅದು ವರ್ಷಕ್ಕೊಮ್ಮೆ ದಿಕ್ಕು ಮರೆಯುತ್ತದೆ. ಆಗ ಅದನ್ನು ಕಲ್ಲಿನ ಡಬ್ಬಿಯಲ್ಲಿಟ್ಟು ಮೂರು ಸಾವಿರದ ಸಾಲಿಗೆ ಇಳಿಸಿ ಒಂದು ರಾತ್ರಿ ಬಿಡಬೇಕು. ಹರಿಯುವ ಕಬ್ಬಿಣದಲ್ಲಿ ಮಿಂದು ಬಂದರೆ ಮತ್ತೆ ಒಂದು ವರ್ಷ ಉತ್ತರ ತಪ್ಪುವುದಿಲ್ಲ. ಒಂದು ಹಗಲು ಇಳಿಸುವುದು, ಮಾರನೇ ಹಗಲು ಎತ್ತುವುದು. ಮೂವತ್ತೈದು ದಾಟಿ ಒಂದು ಹಗ್ಗ ಇಳಿದಿದ್ದರೆ ಊರಿನ ಬೇರಾವ ಕುಳಿಯೂ ಕಾವು ಕೊಡುವುದಿಲ್ಲ. ಹಾಗಾಗಿ ಆ ಎರಡು ದಿನ ಊರಿಗೆಲ್ಲ ತಣ್ಣನೆ ಊಟ. ಮೊಸರವಲಕ್ಕಿ, ಕೋಸಂಬರಿ, ಬಾಳೆಹಣ್ಣು. ಮಕ್ಕಳಿಗೆ ಹಬ್ಬವೇ.

ಈ ಸಲ ಇಳಿಸಿದ ದಿನ ಸಂಜೆ ನನ್ನ ಮಗಳು ನೀಲವ್ವ ಹೆತ್ತಳು. ಹೆಣ್ಣುಕೂಸು. ಪುರುಡಿನ ಮನೆಯವನು ದೊಡ್ಡ ಕುಳಿಯ ಹತ್ತಿರ ಕೂರಬೇಕಾದರೆ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮಾರನೇ ಬೆಳಿಗ್ಗೆ ಹಾಗೇ ಬಟ್ಟೆ ಕಟ್ಟಿಕೊಂಡು ಹೋಗಿ ಕೂತೆ. ದ್ಯಾಮಕ್ಕ ಮೂರು ಸಾವಿರದಿಂದ ಮೇಲಕ್ಕೆ ಹೊರಟರು. ಎರಡು ಸಾವಿರದ ಎಂಟುನೂರ ತೊಂಬತ್ತೊಂದರವರೆಗೆ ನೀರು ಹರಿದಂತೆ ಬಂದರು. ಮುಂದಿನದು ಗಡಿಯ ಸಾಲು, ಕಬ್ಬಿಣ ಮುಗಿದು ಕಲ್ಲು ಶುರುವಾಗುವ ಕಡೆ. ಕಬ್ಬಿಣದ ಸಾಲುಗಳು ಉಯ್ಯಾಲೆಯ ನಡೆಯಲ್ಲಿವೆ, ಕಲ್ಲಿನವು ಹೆಜ್ಜೆ ಹಾಕುವ ನಡೆಯಲ್ಲಿ. ಗಡಿಯ ಸಾಲು ಮಾತ್ರ ಆ ಎರಡು ನಡೆಯಲ್ಲೂ ಇಲ್ಲ. ಅಲ್ಲಿಗೆ ಬಂದು ನಿಂತರು.

"ಏನಾಯ್ತು ದ್ಯಾಮಕ್ಕ? ಗಂಟಲು ಒಣಗಿತಾ? ಮಜ್ಜಿಗೆ ತರಿಸ್ಲಾ?" ಅಂದ ಗಾಡಿಯವರ ಯಜಮಾನ ಬೊಮ್ಮಣ್ಣ. ಸೂಜಿ ಅವನದು.

"ಗಂಟಲಲ್ಲ ಬೊಮ್ಮಣ್ಣ. ಸಾಲು."

ನೆರೆದಿದ್ದವರೆಲ್ಲ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಸಾಲು ನನಗೆ ಬರುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಒಂದೇ ಮನೆಯವರು ಒಬ್ಬರಿಗೊಬ್ಬರು ಸಾಲು ಎತ್ತಿಕೊಡಬಹುದು, ಕುಳಿಗೆ ಅದು ಒಂದೇ ಬಾಯಿ. ಹಗ್ಗ ಕೆಳಗಿರುವಾಗ, ಎಲ್ಲೇ ಕೂತಿರಲಿ, ಬೇರೆ ಮನೆಯವರು ಎತ್ತಿಕೊಂಡರೆ ಹಗ್ಗ ಅವರ ಮಾತಿಗೆ ಹೋಗುತ್ತದೆ, ಉಳಿದದ್ದನ್ನೆಲ್ಲ ಅವರೇ ಹೇಳಿ ಮುಗಿಸಬೇಕು. ಸಾಲು ಬಿಟ್ಟುಕೊಟ್ಟವರ ಮನೆಯ ಕುಳಿ ಅಂದೇ ಮುಚ್ಚಿಹೋಗುತ್ತದೆ. ಮತ್ತೆ ತೆರೆಯಬೇಕಾದರೆ ಅವರು ಇನ್ನೊಬ್ಬರ ಮನೆಯ ಸಾಲು ಎತ್ತಿಕೊಳ್ಳಬೇಕು. ಆಗ ಆ ಮನೆಯದು ಮುಚ್ಚುತ್ತದೆ. ಕುಂಬಾರರ ಓಣಿಯಲ್ಲಿ ನನ್ನ ಕಣ್ಣೆದುರೇ ಹೀಗೆ ಎರಡು ಮನೆಗಳ ನಡುವೆ ನಡೆದು, ಆ ಮನೆಗಳ ಮಕ್ಕಳು ಇವತ್ತಿಗೂ ಒಬ್ಬರ ನೆರಳು ಒಬ್ಬರು ತುಳಿಯುವುದಿಲ್ಲ.

ದ್ಯಾಮಕ್ಕನ ಅಡುಗೆಮನೆಯ ಕುಳಿ ಬರಿಯ ಅವರ ಮನೆಯದಲ್ಲ. ಬಯಲು ದಾಟಿ ಬಂದ ಗಾಡಿಯವನು ಎತ್ತು ಬಿಚ್ಚಿ ಮೊದಲು ಹೋಗುವುದು ಅವರ ಜಗುಲಿಗೆ. ಪ್ರತಿ ಸಂಜೆ ದೊಡ್ಡ ಕೊಳಗದಲ್ಲಿ ಗಂಜಿ ಇಳಿಸುತ್ತಾರೆ. ಮೇಲೆ ಒಂದು ಚಿಟಿಕೆ ಜೀರಿಗೆ. ಯಾರನ್ನೂ ಯಾವ ಊರು ಎನ್ನುವುದಿಲ್ಲ. "ಉಪ್ಪು ಸಾಕಾ?" ಅನ್ನುತ್ತಾರೆ, ಅಷ್ಟೇ. ಅವರ ತಂದೆಯ ಕಾಲದಿಂದ ಆ ಕೊಳಗ ತಣ್ಣಗಿದ್ದದ್ದು ವರ್ಷದ ಆ ಎರಡು ಸಂಜೆ ಮಾತ್ರ.

ಮೊದಲ ದಿನ ಯಾರೂ ಗಾಬರಿಯಾಗಲಿಲ್ಲ. ದ್ಯಾಮಕ್ಕ ಹತ್ತು ಸಾಲು ಕೆಳಗೆ ಹೋಗಿ ಓಡಿ ಬರುವವರ ಹಾಗೆ ಮೇಲೆ ಬಂದರು. ಅದೇ ಜಾಗಕ್ಕೆ ನಿಂತರು. ಹಗ್ಗವನ್ನು ಗೂಟಕ್ಕೆ ಕಟ್ಟಿ, ಮನೆಗೆ ಹೋಗಿ, ಮೊದಲ ಸಾಲಿನಿಂದ ಬಾಯಿಪಾಠ ಹೇಳಿ ನೋಡಿದರು. ತೊಂಬತ್ತು ಬರಬೇಕಾದ ಕಡೆ ತೊಂಬತ್ತೊಂದು ಬಂತು. ಎರಡು ಕಡೆಯಿಂದಲೂ ಸಾಲು ಜಾರಿಹೋಗಿತ್ತು.

ಮೂರನೇ ದಿನ ಅವಲಕ್ಕಿ ಮುಗಿಯಿತು. ಜನ ಹೆಸರುಕಾಳು ನೆನೆಹಾಕಿದರು, ಕಡಲೆ ನೆನೆಹಾಕಿದರು, ಅಕ್ಕಿಯನ್ನೇ ನೆನೆಹಾಕಿ ಬೆಲ್ಲ ಕಲಸಿ ತಿಂದರು. ಹೊಟ್ಟೆನೋವಿನ ಕಷಾಯಕ್ಕೂ ಬಿಸಿನೀರಿಲ್ಲ. ಗುಡಿಯಲ್ಲಿ ಹೊತ್ತಿಕೊಂಡಿದ್ದ ನಂದಾದೀಪದಿಂದ ಮನೆ ಮನೆಗೆ ದೀಪ ಹಚ್ಚಿಕೊಂಡು ಹೋದರು. ಆ ಕುಡಿಯ ಮೇಲೆ ಬೆಳ್ಳಿ ಒಳಲೆ ಹಿಡಿದು ಕೂಸುಗಳಿಗೆ ಹಾಲು ಬೆಚ್ಚಗೆ ಮಾಡಿದರು. ಬೊಮ್ಮಣ್ಣ ಹೊರಗಿನ ಊರುಗಳನ್ನು ಕಂಡವನಲ್ಲವೇ, ಸಗಣಿ ತಟ್ಟಿ ಸುಡುವುದನ್ನು ತೋರಿಸಿಕೊಟ್ಟ. ಮಳೆಗಾಲದ ಹಸಿ ಸಗಣಿ, ಹೊಗೆ ಹೋಗಲು ದಾರಿಯಿಲ್ಲದ ಮನೆಗಳು. ಓಣಿಯಿಡೀ ಕೆಮ್ಮಿತು. ಒಂದು ಚೊಂಬು ನೀರು ಉಗುರುಬೆಚ್ಚಗಾಗುವ ಹೊತ್ತಿಗೆ ಬೆರಣಿ ಮುಗಿಯಿತು. "ಹೊರಗಿನವರು ದಿನಾ ಹೀಗೇ ಅಳ್ತಾ ಅಡುಗೆ ಮಾಡ್ತಾರಾ ಬೊಮ್ಮಣ್ಣ?" ಎಂದು ಹೆಂಗಸರು ಅವನನ್ನು ಆಡಿಕೊಂಡರು.

ಹಗ್ಗ ಕತ್ತರಿಸಿಬಿಡೋಣ ಅಂದವರೂ ಇದ್ದರು. ಅವರನ್ನು ಹಿರಿಯರು ಮೂಡಲ ಓಣಿಗೆ ಕರೆದುಕೊಂಡು ಹೋಗಿ ತೋರಿಸಿದರು. ಹಿಂದೆ ಯಾರೋ ಅಲ್ಲಿ ಹಾಗೆ ಮಾಡಿದ್ದರು. ಆ ಓಣಿಯ ಕುಳಿಗಳೆಲ್ಲ ಅಂದೇ ಸತ್ತವು, ಈಗ ಅಲ್ಲಿ ದನ ಕಟ್ಟುತ್ತಾರೆ.

ನನ್ನ ಮನೆಯಲ್ಲಿ ಬಾಣಂತಿ ಇದ್ದಳು. ನೀಲವ್ವನಿಗೆ ಮೈಗೆ ಎಣ್ಣೆ ಹಚ್ಚಿ ಹಂಡೆ ಹಂಡೆ ಬಿಸಿನೀರು ಹುಯ್ಯಬೇಕಾದ ದಿನಗಳು. ಸಾವಂತ್ರಿ ಹಂಡೆಯನ್ನು ಬಿಸಿಲಿಗಿಟ್ಟು, ಮೋಡ ಬಂದಾಗೆಲ್ಲ ಆಕಾಶಕ್ಕೆ ಬೈದು, ಬಟ್ಟೆ ಅದ್ದಿ ಮೈಯೊರೆಸುತ್ತಿದ್ದಳು. ಐದನೇ ದಿನ ನೀಲವ್ವನಿಗೆ ಚಳಿ ಹತ್ತಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು.

"ಬಾಯಿ ಬಿಟ್ಟು ಒಂದು ಸಾಲು ಹೇಳೋಕೆ ಏನ್ರೀ ದಾಡಿ ನಿಮಗೆ?" ಅಂದಳು ಸಾವಂತ್ರಿ.

"ದ್ಯಾಮಕ್ಕನ ಕುಳಿ ಮುಚ್ಚಿಹೋಗ್ತದೆ."

"ಮುಚ್ಚಿದರೆ ನಮ್ಮನೇಲಿ ಉಣ್ತಾರೆ. ದಿನಾ ನಾನೇ ಕರೆದು ಬಡಿಸ್ತೀನಿ. ಈ ಹುಡುಗಿಗೆ ಸನ್ನಿ ಹಿಡಿದರೆ ಯಾರ ಮನೆಗೆ ಹೋಗಿ ಕೂರೋಣ ಹೇಳಿ?"

ಹನ್ನೊಂದನೇ ದಿನ ಬಾಣಂತಿಗೂ ಕೂಸಿಗೂ ತಲೆಗೆ ಬಿಸಿನೀರು ಹಾಕಿದ ಮೇಲೆ ಪುರುಡು ಕಳೆಯುತ್ತದೆ. ಬಿಸಿನೀರಿಲ್ಲದೆ ಪುರುಡು ಕಳೆಯುವುದಿಲ್ಲ, ಪುರುಡು ಕಳೆಯದೆ ನನ್ನ ಬಾಯಿಬಟ್ಟೆ ಬಿಚ್ಚುವಂತಿಲ್ಲ. ಆ ಬಟ್ಟೆಗೂ ಹಗ್ಗ ಸಿಕ್ಕಿಕೊಂಡದ್ದಕ್ಕೂ ಏನಾದರೂ ಸಂಬಂಧವಿದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಒಂಬತ್ತನೇ ದಿನ ಮಧ್ಯಾಹ್ನ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಮನೆಯಲ್ಲಿ ಬಟ್ಟೆ ಕಟ್ಟಬೇಕಾಗಿರಲಿಲ್ಲ. ಕಾಲು ಅಲ್ಲಾಡಿಸುತ್ತ, ರೂಢಿಯ ಪ್ರಕಾರ, ಮನಸ್ಸಿನಲ್ಲೇ ಪದ ನಡೆಸುತ್ತಿದ್ದೆ. ಸಾವಂತ್ರಿ ಕಾಳು ಆರಿಸುತ್ತಿದ್ದವಳು ತಲೆಯೆತ್ತಿ ನಕ್ಕಳು.

"ಶುರುವಾಯ್ತು."

"ಏನು?"

"ಮೂಗಲ್ಲಿ ಗುಂಯ್ ಅಂತ. ಇಷ್ಟು ಹೊತ್ತೂ ಸುಮ್ಮನಿರ್ತೀರಿ, ಎಲ್ಲೋ ಒಂದು ಕಡೆ ಬಂದಾಗ ಗುಂಯ್‌ಗುಡ್ತೀರಿ. ಮದುವೆಯಾದ ವರ್ಷದಿಂದ ಕೇಳ್ತಾ ಇದೀನಿ. ಯಾವಾಗಲೂ ಅದೇ ರಾಗ."

ನಾನು ಎಲ್ಲಿದ್ದೆ ಎಂದು ನೋಡಿಕೊಂಡೆ. ಎರಡು ಸಾವಿರದ ಎಂಟುನೂರ ತೊಂಬತ್ತರಲ್ಲಿದ್ದೆ.

ಆ ಸಾಲು ನನಗೆ ಬಹಳ ಇಷ್ಟ. ಇಷ್ಟವಾದದ್ದಕ್ಕೆ ಗಂಟಲು ನನ್ನನ್ನು ಕೇಳದೆ ಓಗೊಡುತ್ತಿತ್ತು ಅಂತ ಕಾಣುತ್ತದೆ. ಮೂವತ್ತು ವರ್ಷ ದೊಡ್ಡ ಕುಳಿಯ ಪಕ್ಕದಲ್ಲಿ ಕೂತು, ಬಾಯಿ ತೆರೆಯದವನು ಎಂಬ ಹೆಸರು ಹೊತ್ತು, ಅದೊಂದು ಸಾಲಿಗೆ ಗುಂಯ್‌ಗುಟ್ಟಿದ್ದೆ. ನನಗೇ ಗೊತ್ತಿಲ್ಲದೆ ದ್ಯಾಮಕ್ಕನಿಗೆ ಆಸರೆ ಕೊಟ್ಟಿದ್ದೆ. ಇಳಿಸಿದ ದಿನವೂ ಕೊಟ್ಟಿದ್ದೆ. ಎತ್ತುವ ದಿನ ಬಾಯಿಗೆ ನಾಲ್ಕು ಸುತ್ತು ಬಟ್ಟೆ ಇತ್ತು. ಆಸರೆ ತಪ್ಪಿತು, ಅವರೂ ತಪ್ಪಿದರು.

ಕೂಸನ್ನು ಸಾವಂತ್ರಿಯ ಕೈಗೆ ಕೊಟ್ಟು ಓಡಿದೆ. ದ್ಯಾಮಕ್ಕ ಕುಳಿಯ ಹತ್ತಿರವೇ ಇದ್ದರು. ಬಟ್ಟೆಯನ್ನು ಸಡಿಲಾಗಿ ಕಟ್ಟಿಕೊಂಡು ಪಕ್ಕದಲ್ಲಿ ಕೂತೆ. ಅವರು ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಬಂದರು. ಗಡಿಗೆ ಬರುತ್ತಲೇ ಗುಂಯ್‌ಗುಟ್ಟಿದೆ. ಆದರೆ ತಿಳಿದು ಗುಂಯ್‌ಗುಟ್ಟುವುದೇ ಬೇರೆ. ಶ್ರುತಿ ಏರಿತು, ರಾಗ ಹೊರಟಲ್ಲೇ ಒಡೆಯಿತು.

"ಬಟ್ಟೆಯೊಳಗೆ ನೊಣ ಹೊಕ್ಕಿದೆಯೇನೋ?" ಅಂದರು ದ್ಯಾಮಕ್ಕ.

ಸುತ್ತಲಿದ್ದವರು ನಕ್ಕರು. ಅವರು ನಗಲಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಹಗ್ಗವನ್ನು ಗೂಟಕ್ಕೆ ಸುತ್ತಿದರು, ಎದ್ದು ನನ್ನ ಮನೆಯ ಕಡೆಗೇ ನಡೆದರು. ನಾನು ಹಿಂದೆ ಹೋದೆ. ನೀಲವ್ವನ ಹಣೆ ಮುಟ್ಟಿ ನೋಡಿದರು. ಅಂಗಳದಲ್ಲಿದ್ದ ಹಂಡೆಗೆ ಮೊಣಕೈವರೆಗೆ ಕೈ ಅದ್ದಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು.

"ಎಷ್ಟನೇ ದಿನ ಇವತ್ತು?"

"ಒಂಬತ್ತು," ಅಂದಳು ಸಾವಂತ್ರಿ.

"ನಾಳಿದ್ದು ನೀರು ಹಾಕ್ಬೇಕಲ್ಲ." ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದರು.

ಮಾರನೇ ದಿನವಿಡೀ ಅವರು ಕುಳಿಯ ಹತ್ತಿರ ಬರಲಿಲ್ಲ. ಮನೆಯಲ್ಲಿ ಕೊಳಗವನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದರು ಎಂದು ಬೊಮ್ಮಣ್ಣ ಬಂದು ಹೇಳಿದ. ಅಡುಗೆ ಇಲ್ಲದ ಊರಿನಲ್ಲಿ ಆ ಕೊಳಗವನ್ನು ಯಾಕೆ ತಿಕ್ಕುತ್ತಾರೆಂದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು: ಅದು ಇನ್ನು ಗಂಜಿಗೆ ಇಳಿಯುವುದಿಲ್ಲ.

ಹನ್ನೊಂದನೇ ದಿನ ಬೆಳಕು ಹರಿಯುವಾಗ ಊರೆಲ್ಲ ದೊಡ್ಡ ಕುಳಿಯ ಸುತ್ತ ಸೇರಿತ್ತು. ದ್ಯಾಮಕ್ಕ ಸ್ನಾನ ಮಾಡಿ ಬಂದಿದ್ದರು, ತಣ್ಣೀರಿನಲ್ಲೇ. ಗೂಟದಿಂದ ಹಗ್ಗ ಬಿಚ್ಚಿದರು. ಪದ ಶುರುಮಾಡಲಿಲ್ಲ.

"ಬಟ್ಟೆ ಬಿಚ್ಚು ರಾಚಪ್ಪ."

ನಾನು ತಲೆಯಲ್ಲಾಡಿಸಿದೆ.

"ಪುರುಡು ಅಂತಾನಾ? ಅದು ಕಳೆಯೋದಕ್ಕೆ ನೀರು ಕಾಯ್ಬೇಕು. ಬಿಚ್ಚು."

ಮತ್ತೆ ತಲೆಯಲ್ಲಾಡಿಸಿದೆ. ಅವರು ತಾವೇ ಬಗ್ಗಿ ನನ್ನ ಕತ್ತಿನ ಹಿಂದಿನ ಗಂಟು ಬಿಚ್ಚಿದರು. ಹಗ್ಗವನ್ನು ನನ್ನ ಎರಡೂ ಕೈಯಲ್ಲಿಟ್ಟರು. ಅದು ಇಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಹೇಳು," ಅಂದರು.

ನಾನು ಹೇಳಿದೆ.

"ನಿಂತ ಕಲ್ಲಿಗೆ ಶರಣು, ಹರಿವ ಕಬ್ಬಿಣಕೆ ಶರಣು, ನಡುವಿನ ಗೆರೆಗೆ ನಾನೇನೆನ್ನಲಿ?"

ನನ್ನ ಧ್ವನಿ ಎಣ್ಣೆ ಕಾಣದ ಗಾಡಿಯ ಅಚ್ಚಿನ ಹಾಗಿತ್ತು. ಯಾವುದೋ ಹೆಂಗಸು ಸೆರಗು ಬಾಯಿಗೊತ್ತಿಕೊಂಡಳು. ಆದರೆ ಹಗ್ಗ ಒಂದು ಗೇಣು ಮೇಲೆ ಬಂತು. ದ್ಯಾಮಕ್ಕ ಕಣ್ಣು ಮುಚ್ಚಿ ಆ ಸಾಲನ್ನು ಕೇಳಿಸಿಕೊಂಡರು. ಆಮೇಲೆ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸೀರೆ ಸರಿಪಡಿಸಿಕೊಂಡು, ಮೂವತ್ತು ವರ್ಷ ನಾನು ಕೂತಿದ್ದ ಕಡೆ, ಕಾಲು ಮಡಿಸಿ ಕೂತರು.

ಎರಡು ಸಾವಿರದ ಎಂಟುನೂರ ಎಂಬತ್ತೊಂಬತ್ತರಿಂದ ಮೇಲಕ್ಕೆ ಹೊರಟೆ. ಹಸಿರು ಕಲ್ಲಿನ ಸಾಲುಗಳು ಕೇಳುವುದಕ್ಕೆ ಇದ್ದ ಹಾಗೆ ಹೇಳುವುದಕ್ಕಿರಲಿಲ್ಲ. ಕೇಳುವಾಗ ಅವು ದೇವರ ಮುಂದಿನ ಹೊಗೆಯ ಹಾಗೆ ತಾವಾಗಿ ಏಳುತ್ತಿದ್ದವು. ಹೇಳುವಾಗ ಒಂದೊಂದನ್ನೂ ಹೊತ್ತು ತರಬೇಕು. ಸಾವಿರದ ಮುನ್ನೂರರ ಹತ್ತಿರ ಗಂಟಲು ಕಟ್ಟಿತು. ದ್ಯಾಮಕ್ಕ ನೀರಿನ ಲೋಟ ಮುಂದಿಟ್ಟರು. ನಾಲ್ಕುನೂರ ಹತ್ತರಲ್ಲಿ ಒಂದು ಸಾಲು ಹಾರಿಸಿದೆ. ಅವರ ತೊಡೆಯ ಮೇಲೆ ಒಂದು ಪೆಟ್ಟು ಬಿತ್ತು. ನಾನೇ ಹುಡುಕಿಕೊಂಡು ಹಿಂದೆ ಹೋಗಿ ಹೇಳಿ ಬಂದೆ. ಹೊತ್ತು ಇಳಿಯುತ್ತಿತ್ತು. ಜನ ಬಿಸಿಲಿನಲ್ಲೇ ಕಾದರು.

ಮೂವತ್ತೈದು ದಾಟಿದ ಕ್ಷಣ ಊರಿನ ಕುಳಿಗಳಿಂದೆಲ್ಲ ಕಾವಿನ ವಾಸನೆ ಎದ್ದಿತು. ಯಾರೋ "ಬಂತೂ!" ಎಂದು ಕೂಗಿದರು. ಆ ಕೂಗು ನನ್ನ ಕಿವಿಗೆ ಬೀಳುವುದರೊಳಗೆ ಒಬ್ಬರೂ ಇರಲಿಲ್ಲ. ಹೆಂಗಸರು ಕೊಡ ಹಿಡಿದು ಓಡಿದರು, ಗಂಡಸರು ಅವರ ಹಿಂದೆ ಓಡಿದರು. ಎಲ್ಲರಿಗಿಂತ ಮುಂದೆ ಸಾವಂತ್ರಿ ಓಡಿದಳು. ಮನೆ ಮನೆಯಿಂದ ನಾಲ್ಕು ಸಾಲಿನ ಪದ ಕೇಳಿಬಂತು, ಒಬ್ಬರದು ಏರು, ಒಬ್ಬರದು ಇಳಿವು, ಸಂತೆಯ ಹಾಗೆ. ಆ ಗದ್ದಲದ ನಡುವೆ ಉಳಿದ ಮೂವತ್ತನಾಲ್ಕು ಸಾಲನ್ನು ನಾನು ದ್ಯಾಮಕ್ಕ ಒಬ್ಬರಿಗೇ ಹೇಳಿ ಮುಗಿಸಿದೆ. ಕಲ್ಲಿನ ಡಬ್ಬಿ ಮೇಲೆ ಬಂತು. ಸೂಜಿ ಒಂದು ಸುತ್ತು ತಿರುಗಿ ಉತ್ತರಕ್ಕೆ ನಿಂತಿತು. ಬಾಯಲ್ಲಿ ಇನ್ನೂ ಅನ್ನ ಇಟ್ಟುಕೊಂಡೇ ಬೊಮ್ಮಣ್ಣ ಓಡಿಬಂದು ಅದನ್ನು ಕಣ್ಣಿಗೊತ್ತಿಕೊಂಡ.

"ನಾಲ್ಕುನೂರ ಹತ್ತನ್ನು ಇನ್ನೊಂದು ಸಲ ನೋಡಿಕೋ," ಅಂದರು ದ್ಯಾಮಕ್ಕ, ಎದ್ದು ಹೋಗುವಾಗ.

ಅಂದು ಸಂಜೆ ನನ್ನ ಮಗಳಿಗೆ ನಾಲ್ಕು ಹಂಡೆ ನೀರು ಹಾಕಿದರು. ಬಚ್ಚಲಿನ ಹಬೆಯಲ್ಲಿ ಕೂಸು ಮೊದಲ ಸಲ ಗಟ್ಟಿಯಾಗಿ ಅತ್ತಿತು. ಆ ಅಳು ಕೇಳಿ ಸಾವಂತ್ರಿ ಗೋಡೆಗೊರಗಿ ತಾನೂ ಅತ್ತಳು. ನೀಲವ್ವನ ಚಳಿ ಎರಡು ದಿನದಲ್ಲಿ ಬಿಟ್ಟಿತು.

ಮಾರನೇ ಬೆಳಿಗ್ಗೆ ನಾನು ದ್ಯಾಮಕ್ಕನ ಮನೆಗೆ ಹೋದೆ. ಅವರು ಅಡುಗೆಮನೆ ತೋರಿಸಿದರು. ಕುಳಿ ಇದ್ದ ಕಡೆ ನೆಲ ಸಮನಾಗಿತ್ತು. ಓಲೆ ಹಾಕದೆ ಬಿಟ್ಟ ಕಿವಿಯ ತೂತಿನ ಹಾಗೆ ನಡುವೆ ಒಂದು ಸಣ್ಣ ತಗ್ಗು. ಅವರು ಅದರ ಮೇಲೆ ಆಗಲೇ ಸಾರಿಸಿ ರಂಗೋಲಿ ಎಳೆದಿದ್ದರು.

ದ್ಯಾಮಕ್ಕ ಗಂಜಿ ಬಿಟ್ಟು ಮಜ್ಜಿಗೆ ಶುರುಮಾಡಿದರು. ಅದೇ ಕೊಳಗದಲ್ಲಿ. ಶುಂಠಿ, ಕೊತ್ತಂಬರಿ ಅರೆದು ಹಾಕಿ, ಜೊತೆಗೆ ನೆನೆಸಿದ ಹೆಸರುಕಾಳು, ಹೆಚ್ಚಿದ ಸೌತೆಕಾಯಿ. ಗಾಡಿಯವರು ಮೊದಮೊದಲು ಗೊಣಗಿದರು. "ಬಯಲಿನ ಗಾಳಿ ತಿಂದು ಬಂದವನಿಗೆ ತಣ್ಣನೆ ಮಜ್ಜಿಗೆ ಕೊಡ್ತೀರಲ್ಲ ತಾಯಿ" ಎಂದು ಒಬ್ಬ ಅಂದನಂತೆ. "ಉಪ್ಪು ಸಾಕಾ?" ಅಂದರಂತೆ ಇವರು. ಊರಿನವರು ಸರದಿಯ ಪ್ರಕಾರ ಅವರ ಮನೆಗೆ ಬಿಸಿ ಊಟ ಕಳಿಸಿದರು. ಅವರು ತಗೊಂಡರು, ಪಾತ್ರೆ ವಾಪಸ್ಸು ಕೊಡುವಾಗ ಯಾರ ಸಾರು ಎಷ್ಟನೇ ಸಾಲಿನಲ್ಲಿ ಕಡಿಮೆ ಹೊತ್ತು ನಿಂತಿತ್ತು ಎಂದು ತಪ್ಪದೆ ಹೇಳಿ ಕಳಿಸಿದರು. ಆಮೇಲಾಮೇಲೆ ಜನ ಅವರ ಸರದಿಯ ದಿನ ಹೆದರಿ ಹೆದರಿ ಅಡುಗೆ ಮಾಡುವಂತಾಯಿತು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿತ್ತು. ಆದರೆ ಸಂಜೆ ಆ ಓಣಿಯಲ್ಲಿ ನಡೆದರೆ ಎಲ್ಲ ಮನೆಯಿಂದ ಪದ ಕೇಳುತ್ತಿತ್ತು, ಆ ಒಂದು ಮನೆ ಬಿಟ್ಟು. ನನಗೆ ಅದು ತಡೆಯಲಾಗುತ್ತಿರಲಿಲ್ಲ. ಈಗ ನಾನು ಹೇಳುವವನು. ನನಗೆ ಬೇಕಾದದ್ದು ಕೇಳುವುದು.

ಮೂರು ತಿಂಗಳು ಕಾದೆ. ಬಾಣಂತನ ಮುಗಿಯಲಿ ಎಂದು. ಮುಗಿದ ಮಾರನೇ ದಿನ ಸಂಜೆ ಹೋದೆ. ದ್ಯಾಮಕ್ಕ ಜಗುಲಿಯಲ್ಲಿ ಕೂತು ಮಜ್ಜಿಗೆ ಕಡೆಯುತ್ತಿದ್ದರು.

"ದ್ಯಾಮಕ್ಕ, ಒಂದು ಮಾತಿತ್ತು."

"ನೀನು ಮಾತು ಅಂದರೆ ನನಗೆ ಭಯ ಆಗ್ತದೆ ಈಗ. ಹೇಳು."

ಗುಂಯ್‌ಗುಟ್ಟಿದ್ದನ್ನು ಹೇಳಿದೆ. ಮೂವತ್ತು ವರ್ಷದ್ದು, ಬಟ್ಟೆ ಕಟ್ಟಿದ್ದು, ನನ್ನಿಂದಲೇ ತಪ್ಪಿದ್ದು, ಎಲ್ಲ. ಅವರ ಕೈ ಕಡೆಯುವುದು ನಿಲ್ಲಿಸಲಿಲ್ಲ.

"ಗೊತ್ತು. ಆ ಜಾಗಕ್ಕೆ ಬಂದಾಗ ನಿನ್ನ ಕಡೆಯಿಂದ ಜೇನುಹುಳದ ಹಾಗೆ ಒಂದು ಸದ್ದು ಬರ್ತಿತ್ತು. ಮೊದಲೆಲ್ಲ ಬೇಕಿರಲಿಲ್ಲ. ಆಮೇಲೆ ಅದರ ಮೇಲೆ ಕಾಲಿಟ್ಟೇ ದಾಟ್ತಿದ್ದೆ. ನಿನಗೆ ಹೇಳಿದ್ದರೆ ನೀನು ನಿಲ್ಲಿಸಿಬಿಡ್ತಿದ್ದೆ. ಅದಕ್ಕೇ ಹೇಳಲಿಲ್ಲ."

"ಹಾಗಾದರೆ ನಾನು ಅಂದ ಹಾಗೆ ಮಾಡಿ. ನಾಳೆ ಬೆಳಿಗ್ಗೆ ನಮ್ಮನೆಗೆ ಬನ್ನಿ. ಹಾಲು ಇಳಿಸ್ತೀನಿ. ಮೇಲೆ ಬರುವಾಗ ಎರಡನೇ ಸಾಲು ಹೇಳಿ ನಿಂತುಬಿಡ್ತೀನಿ. ಮೊದಲನೇ ಸಾಲು ನೀವು ಹೇಳಿ, ಎತ್ತಿಕೊಳ್ಳಿ. ನಿಮ್ಮ ಕುಳಿ ತೆರೀತದೆ."

"ನಿಮ್ಮನೇದು?"

"ಮುಚ್ಚಲಿ. ಪಕ್ಕದ ಮನೆಯವರು ಇಳಿಸಿಕೊಡ್ತಾರೆ. ನಾನೂ ಮಜ್ಜಿಗೆ ಕುಡೀತೀನಿ."

"ಸಾವಂತ್ರಿಗೆ ಹೇಳಿದೀಯಾ?"

ನಾನು ಜಗುಲಿಯ ಮೇಲೆ ಚೆಲ್ಲಿದ್ದ ಮಜ್ಜಿಗೆಯನ್ನು ಬೆರಳಿನಿಂದ ಒರೆಸಿದೆ.

"ಹೇಳಿಲ್ಲ." ಕಡೆಗೋಲು ಎತ್ತಿ ತುದಿಯಲ್ಲಿ ಸೇರಿದ ಬೆಣ್ಣೆ ನೋಡಿದರು. "ನಾನು ಮರೆತೆ ರಾಚಪ್ಪ, ಅದು ಸರಿ. ವಯಸ್ಸಾಯ್ತು, ಮರೆತೆ. ನೀನು ನೆನಪಿಟ್ಟುಕೊಂಡು ಮರೀತೀಯಾ? ಅದೂ ಮೊದಲನೇ ಸಾಲನ್ನ? 'ಕಾಲಡಿಯ ಮಣ್ಣೇ, ದಾರಿ ಕೊಡು' ಅನ್ನೋದನ್ನ? ನಿನ್ನ ಮೊಮ್ಮಗಳು ನಾಳೆ ಬಾಯಿ ಬಂದ ಕೂಡಲೇ ಅದನ್ನೇ ಹೇಳೋದು."

"ನಿಮ್ಮ ಬಾಯಲ್ಲಿ ಪದ ಕೇಳದೆ ನನಗೆ ಇರೋಕಾಗ್ತಿಲ್ಲ."

ಅವರು ಕೊಳಗದಿಂದ ಒಂದು ಲೋಟ ಮಜ್ಜಿಗೆ ಬಗ್ಗಿಸಿ ನನ್ನ ಮುಂದಿಟ್ಟರು. ಬಯಲಿನ ಕಡೆಯಿಂದ ಎತ್ತಿನ ಗಂಟೆಯ ಸದ್ದು ಬರುತ್ತಿತ್ತು. ಯಾರೋ ಗಾಡಿ ಬಿಚ್ಚುತ್ತಿದ್ದರು. ಅವರು ಕೊಳಗವನ್ನು ಜಗುಲಿಯ ಅಂಚಿಗೆ ಎಳೆದುಕೊಂಡು, ಮುಚ್ಚಳ ತೆಗೆದು, ಉಪ್ಪಿನ ಬಟ್ಟಲು ಪಕ್ಕಕ್ಕಿಟ್ಟರು.

"ನಾನು ಬರಲ್ಲ," ಅಂದರು. "ಎತ್ತಿಕೊಳ್ಳಲ್ಲ. ನಾಳೆಯೂ ಇಲ್ಲ, ಇನ್ನು ಯಾವತ್ತೂ ಇಲ್ಲ. ಕುಡಿದು ಲೋಟ ತೊಳೆದಿಟ್ಟು ಹೋಗು."